ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಮ್ಮ ಕಡೆ ಯಾರ ಮನೆಯ ಡಬ್ಬಿಯನ್ನೂ ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ನನಗೂ ಈ ಪದ್ಧತಿ ಬಹಳ ಹಿಡಿಸಿತ್ತು, ಕೊಕ್ಕೆಹುಳುವಿನ ಲಸಿಕೆಯ ಪರೀಕ್ಷೆಯಲ್ಲಿ ಕೆಲಸಕ್ಕೆ ಸೇರುವವರೆಗೆ. ಕಲಬುರಗಿಯ ಜಗತ್ ವೃತ್ತದ ಹತ್ತಿರದ ನಮ್ಮ ಮನೆಯಿಂದ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ, ಸೂಜಿ ಹಾಕಿಸಿಕೊಂಡವರಿಗೆ ಡಬ್ಬಿ ಕೊಟ್ಟು, ಮರುದಿನ ಅದರಲ್ಲಿ ಮಲದ ಮಾದರಿ ತರುವುದು ನನ್ನ ಕೆಲಸ. ಯಾರ ಹೊಟ್ಟೆಗೆ ಹುಳು ಸೇರಿದೆ, ಯಾರಿಗೆ ಇಲ್ಲ ಎನ್ನುವುದು ಅದರಿಂದಲೇ ತಿಳಿಯಬೇಕು. ಬೀಗರ ಮುಂದೆ "ಸಂಶೋಧನೆಯಲ್ಲಿದ್ದೇನೆ" ಎನ್ನುತ್ತೇನೆ. ಹೆಂಡತಿ ಮಾತ್ರ ನನ್ನ ಖಾಲಿ ಚೀಲವನ್ನೂ ಹೊಸ್ತಿಲು ದಾಟಲು ಬಿಡುವುದಿಲ್ಲ.

ಕೆಂಪು ಬಾಳೆಯ ತೋಟದ ಶರಣಮ್ಮ ಒಂದು ಕಾಲಕ್ಕೆ ಈ ಹುಳುಗಳಿಂದಲೇ ರಕ್ತ ಬತ್ತಿ ಹಾಸಿಗೆ ಹಿಡಿದಿದ್ದವರು. ಹುಳುವಿನ ಗುಳಿಗೆ ನುಂಗಿ ಎದ್ದ ಮೇಲೆ, "ನನ್ನ ಸೊಸಿಗಿ ಈ ಗತಿ ಬರಬಾರದ್ರೀ" ಎಂದು ತಾವಾಗಿಯೇ ಪರೀಕ್ಷೆಗೆ ಸೇರಿದರು. ಅವರಿಗೆ ಹಾಕಿದ್ದು ಲಸಿಕೆಯೋ ಉಪ್ಪುನೀರೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಪರೀಕ್ಷೆಯ ನಿಯಮವೇ ಹಾಗೆ. ಉಳಿದದ್ದು ಕೊನೆಯ ಮಾದರಿಯೊಂದೇ. ಅಲ್ಲಿಯವರೆಗೆ ಅವರ ಮನೆಗೆ ನಮ್ಮ ನರ್ಸಮ್ಮ ಹೋಗಿ ತರುತ್ತಿದ್ದರು. ಅವರು ಹೆರಿಗೆ ರಜೆಗೆ ಹೋದದ್ದರಿಂದ ನಾನು ಹೋದೆ.

ಹಿಂದಿನ ದಿನ ನಾನು ಕೊಟ್ಟಿದ್ದ ಡಬ್ಬಿಯನ್ನು ಶರಣಮ್ಮ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಚೀಲಕ್ಕೆ ಹಾಕಿಕೊಂಡೆ. ಘಮ್ಮೆಂದು ಬೆಳ್ಳುಳ್ಳಿಯ ವಾಸನೆ ಬಂತು. ಈ ಕೆಲಸದಲ್ಲಿ ಬೆಳ್ಳುಳ್ಳಿ ಘಮಘಮಿಸಿದ್ದು ಅದೇ ಮೊದಲು. ಅಂಜುತ್ತಂಜುತ್ತಲೇ ಮುಚ್ಚಳ ತೆಗೆದರೆ ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿ!

"ಮತ್ತೇನು ಮಾಡ್ಲಿರೀ? ಮನಿಗಿ ಬಂದ ಮಂದಿಗಿ ಖಾಲಿ ಡಬ್ಬಿ ಹ್ಯಾಂಗ ಕೊಡ್ಲಿ? ನೀವು ಕೇಳಿದ್ದು ಗಂಡಸರ ಕೈಯಾಗ ಹ್ಯಾಂಗ ಇಡ್ಲಿ?"

"ಅಕ್ಕಾ, ನಾಳಿ ಸಂಜಿ ಒಳಗ ಅದು ಬರಲಿಲ್ಲಂದ್ರ ನಿಮ್ಮ ಹೆಸರು ಲೆಕ್ಕಕ್ಕೇ ಬರಂಗಿಲ್ಲ. ಸೂಜಿ ಚುಚ್ಚಿಸ್ಕೊಂಡಿದ್ದೆಲ್ಲ ದಂಡ."

ಅವರ ಮುಖ ಬಾಡಿತು. ನನಗೂ ಕೆಡುಕೆನಿಸಿತು. ಆಮೇಲೆ ಅವರೇ ಕೇಳಿದರು, "ನೀವು ಒಮ್ಮಿಯಾದ್ರೂ ಕೊಟ್ಟೀರೇನ್ರಿ?"

"ನಾನ್ಯಾಕ ಕೊಡ್ಲಿರೀ?"

"ಹಂಗಾದ್ರ ನಾಳಿ ನೀವೂ ಒಂದು ತರ್ರಿ. ಇಬ್ಬರದೂ ಕೂಡೇ ಹೋಗ್ಲಿ. ಆಗ ನಂಗೊಬ್ಬಾಕಿಗೇ ಯಾಕ ನಾಚಿಕಿ?"

ಬೇರೆ ದಾರಿ ಇರಲಿಲ್ಲ. ಬೆಳಗ್ಗೆ ನಾನು ಡಬ್ಬಿ ಹಿಡಿದು ಬಚ್ಚಲ ಕಡೆ ಹೊರಟದ್ದನ್ನು ಹೆಂಡತಿ ನೋಡಿಬಿಟ್ಟಳು. "ನಿಮ್ಮ ಸಂಶೋಧನಾಕ್ಕ ಬೆಂಕಿ ಹಾಕ! ಇಷ್ಟು ದಿನ ಮಂದೀದು ಹೊತ್ರಿ, ಈಗ ಮನೀದೂ ಶುರು ಮಾಡಿದ್ರೇನು?" ಕಮಲಾಪುರದಲ್ಲಿ ನಾನು ನನ್ನ ಡಬ್ಬಿ ತೋರಿಸಿದೆ. ಶರಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾ ತಮ್ಮದನ್ನು ತಂದುಕೊಟ್ಟರು. ನಾನು ಬಾಳೆಗೊನೆ ನೋಡುತ್ತಾ ಇಸಿದುಕೊಂಡೆ. ಅಬ್ಬಾ, ಗೆದ್ದೆ ಎನಿಸಿತು.

ಅವರದು ಪರೀಕ್ಷೆಗೆ ಸೇರಿತು. ನನ್ನದನ್ನು ಡಾಕ್ಟರು ತಮಾಷೆಗೆಂದು ನೋಡಿದವರು, ಮತ್ತೊಮ್ಮೆ ಗಂಭೀರವಾಗಿ ನೋಡಿದರು. ಕೊಕ್ಕೆಹುಳುವಿನ ಮೊಟ್ಟೆ ಬೇಕಾದಷ್ಟಿದ್ದವು. ಈ ಹುಳು ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಮೈಗೆ ಸೇರುತ್ತದೆ. ಚಪ್ಪಲಿಯನ್ನು ಎಲ್ಲರ ತೋಟದ ಬೇಲಿಯಲ್ಲೇ ಬಿಟ್ಟು, ಮರ್ಯಾದೆಯಿಂದ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದ ನನ್ನ ಸಂಭಾವಿತತನಕ್ಕೆ ಸಿಕ್ಕ ಬಹುಮಾನ ಅದು.

ಮುಂದಿನ ವಾರ ಶರಣಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. "ನಿಮ್ಮದು ಏನು ಬಂತ್ರೀ?"

"ಯಾರ ಫಲಿತಾಂಶಾನೂ ಯಾರಿಗೂ ಹೇಳಂಗಿಲ್ರೀ ಅಕ್ಕಾ. ನಿಯಮ ಅದ," ಎಂದೆ, ಎಂದೂ ಇಲ್ಲದ ನಿಷ್ಠೆಯಿಂದ.

ಅವರು ನನ್ನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ, ಬಸ್ಸಿಗೆ ಕಾಲಿಡುತ್ತಾ ಹೇಳಿದರು: "ಗುಳಿಗಿ ಊಟ ಆದ ಮ್ಯಾಲೇ ತಗೋರಿ. ಇಲ್ಲಂದ್ರ ಹೊಟ್ಟಿ ತೊಳಸ್ತದ."