ಏರಿನ ಮೇಲೆ ಒಂದು ವಾಕ್ಯದಷ್ಟು ಉಸಿರು ಮಂಜೂರು ಮಾಡುವ ಬಗ್ಗೆ

ಇಂದ:
ಹಿರಿಯ ಗುಮಾಸ್ತ, ಆವಕ ವಿಭಾಗ,
ನೀರು ಸರಬರಾಜು ಕಚೇರಿ
(ವಯಸ್ಸು ನಲವತ್ತೊಂಬತ್ತು, ತೂಕ ಎಂಬತ್ತೊಂಬತ್ತು. ಎರಡೂ ಏರುಮುಖ.)

ಗೆ:
ಮಾನ್ಯ ಏರು ಅವರು,
ನೀರಿನ ಟ್ಯಾಂಕ್ ರಸ್ತೆ,
ಬೇಕರಿ ತಿರುವಿನಿಂದ ಟ್ಯಾಂಕಿನ ಗೇಟಿನವರೆಗೆ

ವಿಷಯ: ಸೈಕಲ್ ತುಳಿದು ತಮ್ಮ ನೆತ್ತಿ ತಲುಪಿದ ಅರ್ಜಿದಾರನಿಗೆ ಒಂದು ವಾಕ್ಯ ಆಡುವಷ್ಟು ಉಸಿರು ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
1. ನನ್ನ ರಕ್ತದ ವರದಿ.
2. ನನ್ನ ಹೆಂಡತಿ ಕಳೆದ ಭಾನುವಾರ ತಮ್ಮ ನೆತ್ತಿಯ ಮೇಲೆಯೇ ನಿಂತು ಹೊರಡಿಸಿದ ಮೌಖಿಕ ಆದೇಶ.
3. ತಮ್ಮಿಂದ ಈವರೆಗೆ ಯಾವ ಪತ್ರವೂ ಬಂದಿಲ್ಲ.

ಮಾನ್ಯ ಏರೇ,

ಮೇಲ್ಕಂಡ ತಮಗೆ ಕೆಳಗೆ ಸಹಿ ಮಾಡಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ತುದಿಯಲ್ಲಿರುವ ಟ್ಯಾಂಕು ನಮ್ಮ ಕಚೇರಿಯದೇ. ಇಪ್ಪತ್ತಮೂರು ವರ್ಷಗಳಿಂದ ಅದರ ಬಗ್ಗೆ ಬಂದ ದೂರುಗಳಿಗೆಲ್ಲ ನಾನೇ ಮೊಹರು ಹಾಕಿದ್ದೇನೆ. ಆದರೆ ಅದು ಎತ್ತರದಲ್ಲಿದೆ ಎಂಬ ವಿಷಯ ಯಾವ ಕಡತದಲ್ಲೂ ಇರಲಿಲ್ಲ. ಸೈಕಲ್ ಹತ್ತಿದ ಮೇಲೆಯೇ ನನ್ನ ಗಮನಕ್ಕೆ ಬಂದಿದೆ. ಪ್ರಕರಣದ ವಿವರ ಈ ಕೆಳಗಿನಂತಿದೆ.

1. ನನ್ನ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ನನ್ನ ರಕ್ತ ತೆಗೆದವಳೂ ಅವಳೇ, ಪರೀಕ್ಷಿಸಿದವಳೂ ಅವಳೇ, ವರದಿಗೆ ಸಹಿ ಹಾಕಿದವಳೂ ಅವಳೇ, ಸಂಜೆ ಮನೆಗೆ ಬಂದು ಬೈದವಳೂ ಅವಳೇ. ಆದ ಕಾರಣ ಮೇಲ್ಮನವಿಗೆ ಎಲ್ಲಿಯೂ ಅವಕಾಶವಿರಲಿಲ್ಲ. "ಇಷ್ಟು ಕೊಬ್ಬಲ್ಲಿ ದೀಪ ಹಚ್ಚಬಹುದು ರೀ," ಎಂದಳು. ಅವಳು ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಸೈಕಲ್ ತುಳಿಯುತ್ತಾಳೆ. ನಾನು ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಅವಳ ಹಿಂದೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಈ ಕೆಲಸ ಅಂದಿಗೆ ಕೊನೆಗೊಂಡಿತು.

2. ನನ್ನ ಸೈಕಲ್ಲು ಭಾವಮೈದುನನದು. ಅವನು ಅದನ್ನು ಮೂರು ವಾರ ತುಳಿದು, ಮೂರು ವರ್ಷ ಅದರ ಮೇಲೆ ಬಟ್ಟೆ ಒಣಗಿಸಿದ್ದ. ರಸ್ತೆ ಸೈಕಲ್ಲಾದ್ದರಿಂದ ಟೈರು ಬೆರಳಿನಷ್ಟು ತೆಳ್ಳಗೆ, ಹ್ಯಾಂಡಲ್ಲು ಕೆಳಗೆ ಬಾಗಿದ್ದು, ಸೀಟು ಇದೆಯೋ ಇಲ್ಲವೋ ಎಂಬಷ್ಟು. ಇಪ್ಪತ್ತಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ಕೂರುವುದನ್ನು ಯಾರು ಹೇಳಿಕೊಡಬೇಕು ಎಂದುಕೊಂಡಿದ್ದೆ. ಮೊದಲ ದಿನ ಎಂಟು ಕಿಲೋಮೀಟರ್ ತುಳಿದು ಬಂದು, ಸೋಮವಾರ ಕಚೇರಿಯ ಕಡತಗಳನ್ನೆಲ್ಲ ನಿಂತೇ ವಿಲೇವಾರಿ ಮಾಡಿದೆ. ನಮ್ಮ ಮುಖ್ಯಸ್ಥರು ನನ್ನ ಕರ್ತವ್ಯನಿಷ್ಠೆಯನ್ನು ಎಲ್ಲರೆದುರು ಹೊಗಳಿದರು.

ಆಮೇಲೆ ಮೆತ್ತೆ ಇರುವ ಸೈಕಲ್ ಚಡ್ಡಿ ತಂದೆ. ಅದರೊಳಗೆ ಇನ್ನೊಂದು ಚಡ್ಡಿ ಹಾಕಬಾರದಂತೆ. ಈ ಬಗ್ಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲವಾದ ಕಾರಣ ನಾನು ಹಾಕಿಕೊಂಡೇ ಎರಡು ವಾರ ತುಳಿದೆ. ಉಜ್ಜಿ ಉಜ್ಜಿ ಆದ ಪರಿಣಾಮಗಳನ್ನು ಇಲ್ಲಿ ವಿವರಿಸುವುದಿಲ್ಲ. ಮುಲಾಮು ಹೆಂಡತಿಯೇ ತಂದುಕೊಟ್ಟಳು.

3. ಗೇರು. ಸೈಕಲ್ಲಿನಲ್ಲಿ ಗೇರುಗಳು ಹತ್ತಾರು ಇವೆ. ದೊಡ್ಡ ಅಂಕಿ ದೊಡ್ಡ ಹುದ್ದೆ ಎಂದು ಬಗೆದು ನಾನು ಮೊದಲ ನಾಲ್ಕು ವಾರ ಅತಿ ದೊಡ್ಡದರಲ್ಲಿಯೇ ಇದ್ದೆ. ಮೊಣಕಾಲು ಕಟಕಟ ಎನ್ನತೊಡಗಿದಾಗ ಸೈಕಲ್ ಅಂಗಡಿಯ ಮೇಸ್ತ್ರಿಯ ಬಳಿ ಹೋದೆ. ಸದ್ದು ಸೈಕಲ್ಲಿನದು ಎಂದು ವಾದಿಸಿದೆ. ಅವನು ಸೈಕಲ್ಲನ್ನು ಗೋಡೆಗೊರಗಿಸಿ, "ಈಗ ನೀವೊಬ್ರೇ ನಡೀರಿ ಸಾರ್," ಎಂದ. ನಡೆದೆ. ಕಟಕಟ ನನ್ನ ಜೊತೆಗೇ ಬಂತು.

"ಗೇರಂದ್ರೆ ಪ್ರಮೋಷನ್ ಅಲ್ಲ ಸಾರ್," ಎಂದ ಮೇಸ್ತ್ರಿ. "ಏರಲ್ಲಿ ಚಿಕ್ಕದಕ್ಕೆ ಇಳೀರಿ. ನಾಚ್ಕೋಬೇಡಿ. ಇನ್ನೊಂದು ವಿಷ್ಯ. ತುಳಿಯೋವಾಗ ಪಕ್ಕದೋರ ಜೊತೆ ಮಾತಾಡೋಕಾಗ್ಬೇಕು. ಮಾತು ನಿಂತ್ರೆ ನೀವು ಜೋರು ಮಾಡ್ತಿದೀರಿ ಅಂತ ಅರ್ಥ."

"ನಾನು ಮನೇಲೂ ಅಷ್ಟಾಗಿ ಮಾತಾಡಲ್ಲಪ್ಪ," ಎಂದೆ.

"ಹಾಗಾದ್ರೆ ನಿಮಗೆ ಗೊತ್ತೇ ಆಗಲ್ಲ ಬಿಡಿ," ಎಂದ.

4. (ಪೆಡಲಿಗೆ ಕಚ್ಚಿಕೊಳ್ಳುವ ಬೂಟು ಹಾಕಿಕೊಂಡು, ಬೇಕರಿಯ ಮುಂದೆ, ನಿಂತಿದ್ದ ಸೈಕಲ್ಲಿನಿಂದ ಬಿದ್ದ ಘಟನೆಯನ್ನು ಅರ್ಜಿದಾರನ ಘನತೆಯ ದೃಷ್ಟಿಯಿಂದ ಕೈಬಿಡಲಾಗಿದೆ. ಬೇಕರಿಯವರು ಮಾತ್ರ ಇನ್ನೂ ಕೈಬಿಟ್ಟಿಲ್ಲ.)

5. ಆದರೂ ಸತ್ಯ ಹೇಳಬೇಕು. ಎರಡನೇ ತಿಂಗಳ ಒಂದು ಭಾನುವಾರ, ಸಮತಟ್ಟಾದ ವರ್ತುಲ ರಸ್ತೆಯಲ್ಲಿ, ಬಿಸಿಲು ಇನ್ನೂ ಏಳದ ಹೊತ್ತಿನಲ್ಲಿ ನಾನು ಹೆಂಡತಿಯ ಹಿಂದೆ ತುಳಿಯುತ್ತಿದ್ದೆ. ಗಾಳಿಯನ್ನು ಅವಳು ತಡೆಯುತ್ತಿದ್ದಳು. ಅವಳು ಕೈ ತೋರಿಸಿ "ಗುಂಡಿ!" ಎಂದರೆ ನಾನೂ ಹಿಂದೆ ಯಾರೂ ಇಲ್ಲದಿದ್ದರೂ ಕೈ ತೋರಿಸಿ "ಗುಂಡಿ!" ಎನ್ನುತ್ತಿದ್ದೆ. ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಸಂತೋಷವಾಯಿತು. ಸಂತೋಷಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ಶಬ್ದ ಸಿಗದ ಕಾರಣ ಇದನ್ನೇ ಬಳಸಿದ್ದೇನೆ.

6. ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಭಾನುವಾರಗಳಲ್ಲಿ ಹೆಂಡತಿ ತಮ್ಮನ್ನು ಹತ್ತಿಬರುವವರೆಗೆ ನಾನು ಬೇಕರಿಯ ಮುಂದೆ ಕಾಯುವುದು ರೂಢಿಯಾಯಿತು. ಆದರೆ ಶನಿವಾರ ಬೆಳಗ್ಗೆ ಕಚೇರಿಗೆ ಮುನ್ನ ನನಗೆ ಬಿಡುವು, ಅವಳಿಗೆ ಬೆಳಗಿನ ಡ್ಯೂಟಿ. ಆದ್ದರಿಂದ ಯಾರಿಗೂ ತಿಳಿಯದಂತೆ ಸತತ ಆರು ಶನಿವಾರ ತಮ್ಮ ಮೇಲೆ ಪ್ರಯತ್ನ ನಡೆಸಿದೆ. ಆರೂ ಸಲ ಎರಡನೇ ದೀಪದ ಕಂಬದ ಬಳಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಹೋದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ತಾವು ನನ್ನ ಮೇಲೆ ಪ್ರಯೋಗಿಸಕೂಡದು. ಈ ಪ್ರಕರಣದಲ್ಲಿ ನೆಲ ನಿಜವಾಗಿಯೂ ಡೊಂಕಾಗಿದೆ.

ಫ್ರಿಜ್ಜಿನ ಬಾಗಿಲಿಗೆ ನಾನು ಸವಾರಿಯ ತಖ್ತೆ ಅಂಟಿಸಿದ್ದೇನೆ. ದಿನಾಂಕ, ದೂರ, ಷರಾ. ಸೈಕಲ್ಲನ್ನು ಮುಂದಕ್ಕೆ ದೂಡಿಕೊಂಡು ಹೋದ ಸಂಗತಿಯನ್ನು ಮುಚ್ಚಿಡದೆ, ಆದರೆ ಮರ್ಯಾದೆಯಾಗಿ, ಆರು ಶನಿವಾರದ ಮುಂದೆಯೂ "ಏರು: ಮುಂದೂಡಲಾಗಿದೆ" ಎಂದು ಬರೆದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೆಂಡತಿ ಅದನ್ನು ಓದಿ, ನಾನು ಆರು ವಾರವೂ ಮನೆಯಲ್ಲೇ ಬಿದ್ದುಕೊಂಡಿದ್ದೆ ಎಂದು ತಿಳಿದಳು. "ಆಫೀಸಲ್ಲಿ ಮುಂದೂಡೋದು ಸಾಲ್ದು ಅಂತ ಫ್ರಿಜ್ ಮೇಲೂ ಶುರು ಮಾಡಿದ್ರಾ?" ಎಂದಳು. ತಳ್ಳಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ನಾನು ತುಟಿ ಪಿಟಕ್ಕೆನ್ನಲಿಲ್ಲ. ಅದು ನನ್ನ ತಪ್ಪು.

7. ಇದೇ ಸಮಯದಲ್ಲಿ ಅವಳಿಗೆ ಬಡ್ತಿಯ ಆದೇಶ ಬಂತು. ಬಸ್ಸಿನಲ್ಲಿ ಆರು ಗಂಟೆ ದೂರದ ಊರು, ಅಲ್ಲಿನ ದೊಡ್ಡ ಆಸ್ಪತ್ರೆ, ಇಡೀ ಪ್ರಯೋಗಾಲಯಕ್ಕೆ ಅವಳೇ ಮುಖ್ಯಸ್ಥೆ. ಒಪ್ಪಿಗೆಯೋ ಇಲ್ಲವೋ ಎಂದು ತಿಳಿಸಲು ಮೂರು ವಾರ ಗಡುವು. ಆದೇಶವನ್ನು ನನ್ನ ಮುಂದಿಟ್ಟು, "ಏನಂತೀರಿ?" ಎಂದಳು.

"ನೋಡೋಣ," ಎಂದೆ.

ಸದರಿ "ನೋಡೋಣ" ನನ್ನ ಮೂಗಿನಷ್ಟೇ ಹಳೆಯದು. ಮನೆ ಬದಲಾಯಿಸುವ ಮಾತಿಗೂ ಅದೇ, ಅವಳು ಮುಂದಕ್ಕೆ ಓದುತ್ತೇನೆ ಎಂದಾಗಲೂ ಅದೇ, ಸಮುದ್ರ ನೋಡಿಕೊಂಡು ಬರೋಣ ಎಂದಾಗಲೂ ಅದೇ. ಸಮುದ್ರ ಇನ್ನೂ ನೋಡಿಲ್ಲ.

8. ನನ್ನ ಸಂಕಟವೂ ದಾಖಲಾಗಲಿ. ಮನೆಯಲ್ಲಿ ಇರುವುದು ನಾವಿಬ್ಬರೇ. ಅವಳೊಬ್ಬಳೇ ಹೋದರೆ ನಾನು ಸಂಜೆ ಮನೆಗೆ ಬಂದು ಯಾರ ಬಳಿ ಬೈಸಿಕೊಳ್ಳಲಿ? ಭಯವಾಗುತ್ತದೆ. ನಾನೂ ಹೋಗೋಣವೆಂದರೆ, ಆ ಊರಿನಲ್ಲಿ ನಮ್ಮ ಕಚೇರಿಯ ಶಾಖೆಯೇನೋ ಇದೆ. ಆದರೆ ಸ್ವಂತ ಕೋರಿಕೆಯ ವರ್ಗಾವಣೆಯಾದ ಕಾರಣ ಜ್ಯೇಷ್ಠತಾ ಪಟ್ಟಿಯಲ್ಲಿ ಕಟ್ಟಕಡೆಗೆ ನಿಲ್ಲಬೇಕು. ಇಲ್ಲಿ ಬರುವ ವರ್ಷ ಮೇಲ್ವಿಚಾರಕನ ಕುರ್ಚಿ ನನ್ನದು. ಅಲ್ಲಿ ನಿನ್ನೆ ಮೊನ್ನೆ ಸೇರಿದವರು ನನಗಿಂತ ಹಿರಿಯರು.

9. ಕಳೆದ ಭಾನುವಾರ ಅವಳು ಬೇಕರಿಯ ಬಳಿ ನಿಲ್ಲದೆ, "ಇವತ್ತು ಮೇಲಿರ್ತೀನಿ, ಬನ್ನಿ," ಎಂದು ಹೊರಟೇ ಹೋದಳು. ನಾನು ಎಂದಿನಂತೆ ಎರಡನೇ ಕಂಬದಲ್ಲಿ ಇಳಿದು ತಳ್ಳಿಕೊಂಡು ಬಂದೆ. ಅವಳು ಟ್ಯಾಂಕಿನ ಗೇಟಿನ ಬಳಿ ನಿಂತು ನೋಡುತ್ತಿದ್ದಳು.

"ಅಯ್ಯೋ! ಮುಂದೂಡಲಾಗಿದೆ ಅಂದ್ರೆ ಇದಾ?" ಎಂದು ನೆಲದ ಮೇಲೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆರು ಶನಿವಾರಾನೂ ಬಂದಿದ್ರಾ? ಹೇಳೋಕೇನಾಗಿತ್ತು?"

ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು. "ಈಗ್ಲಾದ್ರೂ ಹೇಳಿ. ನಾನು ಹೋಗ್ಲಾ, ಬೇಡ್ವಾ?"

ಆಗ ನನ್ನ ಎದೆ ತಿದಿಯಾಗಿತ್ತು. ಬಾಯಿ ತೆರೆದರೆ ಗಾಳಿ ಒಳಗೆ ಹೋಗುತ್ತಿತ್ತೇ ಹೊರತು ಮಾತು ಹೊರಗೆ ಬರುತ್ತಿರಲಿಲ್ಲ. ತಾಳು, ಉಸಿರು ತೆಗೆದುಕೊಳ್ಳುತ್ತೇನೆ ಎಂಬರ್ಥದಲ್ಲಿ ಕೈ ಬೀಸಿದೆ. ಆದರೆ ನಾನು ಬೀಸಿದ ರೀತಿ, ಹೋಗು ಹೋಗು ಎಂದಂತೆ ಇತ್ತಂತೆ. ಅವಳ ಮುಖ ಸಪ್ಪಗಾಯಿತು. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ ಈ ಕೆಳಕಂಡ ಆದೇಶ ಹೊರಡಿಸಿದಳು:

"ಕೈಸನ್ನೆ ಲೆಕ್ಕಕ್ಕಿಲ್ಲ. ನಾಳೆ ಬಿಟ್ಟು ಬರೋ ಸೋಮವಾರದ ಒಳಗೆ ನಾನು ಉತ್ತರ ಕೊಡ್ಬೇಕು. ಬರೋ ಭಾನುವಾರ ಇಲ್ಲಿಗೆ ತುಳ್ಕೊಂಡು ಬಂದು ಬಾಯಲ್ಲಿ ಹೇಳಿ. ಮನೇಲಿ ಬೇಡ. ಮನೇಲಿ ನಿಮ್ಮ ಬಾಯಲ್ಲಿ ನೋಡೋಣ ಬಿಟ್ಟು ಬೇರೆ ಬರಲ್ಲ."

10. ಮದುವೆಯಾದ ಇಪ್ಪತ್ತೊಂದು ವರ್ಷವೂ ಮನೆಯಲ್ಲಿ ಉಸಿರಿತ್ತು, ನಾನು ಉಸಿರೆತ್ತಲಿಲ್ಲ. ಈಗ ತಮ್ಮ ಮೇಲೆ ಉಸಿರೆತ್ತಬೇಕೆಂದರೆ ಉಸಿರೇ ಇಲ್ಲ. ಇದಕ್ಕೆ ತಾವೊಬ್ಬರೇ ಕಾರಣರೆಂದು ನಾನು ಆರೋಪಿಸುವುದಿಲ್ಲ.

11. ಆಡಬಹುದಾದ ವಾಕ್ಯಗಳನ್ನು ಪರಿಶೀಲಿಸಲಾಗಿದೆ. (ಅ) "ಹೋಗು." ಅರ್ಧ ಉಸಿರು ಸಾಕು, ಆದರೆ ಸುಳ್ಳು. (ಆ) "ಬೇಡ." ಇದಕ್ಕೂ ಅರ್ಧ ಉಸಿರೇ, ಆದರೆ ಅವಳ ಕುರ್ಚಿಯನ್ನು ಅವಳ ಕೆಳಗಿಂದ ಎಳೆದಂತೆ. (ಇ) "ನಾನೂ ಬರ್ತೀನಿ." ಎರಡು ಪದ, ಪೂರ್ತಿ ಒಂದು ಉಸಿರು, ಜೊತೆಗೆ ಮೇಲ್ವಿಚಾರಕನ ಕುರ್ಚಿ. ಈ ಬಗ್ಗೆ ಅರ್ಜಿದಾರನಿಗೆ ವಾರವಿಡೀ ನಿದ್ದೆಯಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ನಾಳೆ ಬೆಳಗ್ಗೆ ಒಂದು ದಿನದ ಮಟ್ಟಿಗೆ ತಾವು ಸ್ವಲ್ಪ ಬಾಗಬೇಕೆಂದೂ, ಅದು ನಿಯಮಬಾಹಿರವಾದಲ್ಲಿ ಎದುರುಗಾಳಿಯನ್ನಾದರೂ ತಡೆಹಿಡಿಯಬೇಕೆಂದೂ, ಅದೂ ಆಗದಲ್ಲಿ ಒಂದು ವಾಕ್ಯದಷ್ಟು ಉಸಿರನ್ನು ನನ್ನಲ್ಲಿಯೇ ಬಿಟ್ಟುಕೊಡಬೇಕೆಂದೂ ಕೋರುತ್ತೇನೆ.

ತಮ್ಮ ಬುಡದಲ್ಲಿ ನಿಂತಿರುವ ವಿಶ್ವಾಸಿ,
(ಸಹಿ)
ಹಿರಿಯ ಗುಮಾಸ್ತ, ಆವಕ ವಿಭಾಗ

ಸ್ಥಳ: ಬೇಕರಿಯ ಮುಂದಿನ ಬೆಂಚು
ದಿನ: ಶನಿವಾರ

ಅಡಕಗಳು:
1. ಫ್ರಿಜ್ಜಿನ ತಖ್ತೆಯ ನಕಲು, ಒಂದು.
2. ಬಡ್ತಿ ಆದೇಶದ ನಕಲು, ಒಂದು (ಹೆಂಡತಿಗೆ ತಿಳಿಯದಂತೆ ತೆಗೆದದ್ದು).
3. ಮೊಣಕಾಲು, ಮೂಲಪ್ರತಿ, ಎರಡು. ಪರಿಶೀಲನೆಯ ನಂತರ ಹಿಂದಿರುಗಿಸುವುದು.

ಹೆಚ್ಚುವರಿ ಟಿಪ್ಪಣಿ, ಭಾನುವಾರ ಬೆಳಗ್ಗೆ:

ತಾವು ಬಾಗಲಿಲ್ಲ. ಗಾಳಿಯೂ ಎದುರಿಗೇ ಇತ್ತು. ನಾನು ಬೇಕರಿಯ ಬಳಿಯೇ ಅತಿ ಚಿಕ್ಕ ಗೇರಿಗೆ ಇಳಿದು, ನಾಚಿಕೆ ಬಿಟ್ಟು, ತುಳಿಯತೊಡಗಿದೆ. ಹಾಲಿನ ಕ್ಯಾನು ಹೊತ್ತ ಒಬ್ಬರು ನಡೆದುಕೊಂಡೇ ನನ್ನನ್ನು ಹಿಂದೆ ಹಾಕಿ ಹೋದರು. ಎರಡನೇ ಕಂಬ ದಾಟಿತು. ಇಳಿಯಲಿಲ್ಲ.

ಮೇಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. ಇಳಿದು ಬಂದು, ಸೈಕಲ್ ತಿರುಗಿಸಿ, ನನ್ನ ಪಕ್ಕದಲ್ಲೇ ನನ್ನಷ್ಟೇ ನಿಧಾನವಾಗಿ ತುಳಿಯತೊಡಗಿದಳು. ಮೇಲೆ ಮುಟ್ಟುವ ಹೊತ್ತಿಗೆ ನನ್ನಲ್ಲಿ ಏನೂ ಉಳಿದಿರುವುದಿಲ್ಲ ಎಂದು ಖಾತ್ರಿಯಾಯಿತು. ಆದಕಾರಣ ದಾರಿಯಲ್ಲೇ ಶುರುಮಾಡಿದೆ.

"ನಾನೂ," ಎಂದೆ, ಮೂರನೇ ಕಂಬದ ಬಳಿ.

ಮುಂದಿನ ಪದಕ್ಕೆ ಉಸಿರು ಬರಲಿಲ್ಲ.

"ನೀವೂ? ನೀವೂ ಏನು? ನೋಡ್ತೀನಿ ಅಂತಾನಾ?" ಎಂದಳು. ನನ್ನ ಸೈಕಲ್ಲು ಓಲಾಡಿತು. ಕಂಬದಿಂದ ಕಂಬಕ್ಕೆ ಇರುವ ಅಷ್ಟೂ ದೂರ ಅವಳು ನನ್ನ ಮುಖವನ್ನೇ ನೋಡುತ್ತಾ ತುಳಿದಳು.

ನಾಲ್ಕನೇ ಕಂಬ ಬಂತು.

"ಬರ್ತೀನಿ," ಎಂದೆ.

ಈ ಸಲ ಓಲಾಡಿದ್ದು ಅವಳ ಸೈಕಲ್ಲು. ಅವಳಿಗೇನೂ ಉಸಿರಿನ ಕೊರತೆ ಇರಲಿಲ್ಲ. ಗ್ಲೌಸಿನ ಹಿಂಬದಿಯಿಂದ ಮೂಗು ಒರೆಸಿಕೊಂಡು, "ಸೀನಿಯಾರಿಟಿ?" ಎಂದಳು.

"ಹೋಗ್ಲಿ," ಎಂದೆ. ಅದಕ್ಕೆ ಅರ್ಧ ಉಸಿರು ಸಾಕಾಯಿತು.

ಟ್ಯಾಂಕಿನ ಗೇಟಿನ ಬಳಿ ನಾನು ಸೈಕಲ್ ಸಮೇತ ಹುಲ್ಲಿನ ಮೇಲೆ ಒರಗಿದಾಗ ಅವಳು ನನ್ನ ಹೆಲ್ಮೆಟ್ ಬಿಚ್ಚಿ, ನೀರು ಕುಡಿಸಿ, ಹಣೆಯ ಬೆವರು ಒರೆಸಿದಳು. ಆಮೇಲೆ ಹೇಳಿದಳು: "ಒಂದು ವಿಷ್ಯ ನಿಮಗೆ ಮೊದ್ಲೇ ಹೇಳಿರಲಿಲ್ಲ. ಅಲ್ಲಿ ಆಸ್ಪತ್ರೆ ಇರೋದು ಗುಡ್ಡದ ಮೇಲೆ ರೀ. ಕ್ವಾರ್ಟರ್ಸೂ ಅಲ್ಲೇ. ಏರು ಇದರ ಮೂರರಷ್ಟಿದೆ."

ಆದ್ದರಿಂದ, ಮಾನ್ಯ ಏರೇ, ಆ ಊರಿನ ಗುಡ್ಡಕ್ಕೆ ತಮ್ಮ ಸಹಿಯೊಂದಿಗೆ ನನ್ನ ಬಗ್ಗೆ ಒಂದು ಪತ್ರ ಬರೆದು, ಅದರಲ್ಲಿ ಈ ಮನುಷ್ಯ ನಿಧಾನವೆಂದೂ, ಆದರೆ ಬರುತ್ತಾನೆಂದೂ ನಮೂದಿಸಿಕೊಡಬೇಕಾಗಿ ವಿನಂತಿ.