ಟ್ಯಾಂಕಿನ ಕಂಬದ ಟಿಕ್ ಟಿಕ್ ಸದ್ದನ್ನು ಸೊನ್ನೆಗೆ ಇಳಿಸುವ ಬಗ್ಗೆ

ಸಂಖ್ಯೆ: ಸದ್ದು/ಇಳಿಕೆ/ತುರ್ತು/ಪುನಃ ತುರ್ತು

ಸುತ್ತೋಲೆ

ವಿಷಯ: ಕಚೇರಿ ಆವರಣದ ನೀರಿನ ಟ್ಯಾಂಕಿನ ಕಂಬಕ್ಕೆ ಅಳವಡಿಸಿರುವ ಸೆನ್ಸರ್ ಮತ್ತು ಅದರ ಆಂಪ್ಲಿಫೈಯರ್ ಅಗತ್ಯಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿರುವ ಕುರಿತು.

ಉಲ್ಲೇಖ: 1. ವಿನ್ಯಾಸ ಇಂಜಿನಿಯರ್ ಅವರ ವರದಿ.
2. ಶಿಶುಪಾಲನಾ ಕೇಂದ್ರದ ಆಯಾ ಅವರು ನಿರ್ದೇಶಕರ ಬಾಗಿಲಲ್ಲಿ ನಿಂತು ಏರುದನಿಯಲ್ಲಿ ಸಲ್ಲಿಸಿದ ಮನವಿ.
3. ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದದ ಕಾರಣ ಇನ್ನೂ ಜಾರಿಯಲ್ಲಿದೆ).

ಪ್ರಸ್ತಾವನೆ:

ಸದರಿ ಟ್ಯಾಂಕಿನ ಕೆಳಗೆ ನೌಕರರ ಮಕ್ಕಳ ಶಿಶುಪಾಲನಾ ಕೇಂದ್ರವು ನಡೆಯುತ್ತಿರುವುದು ಸರಿಯಷ್ಟೆ. ಕಂಬದೊಳಗೆ ಕಾಂಕ್ರೀಟು ಬಿರುಕು ಬಿಡುವ ಸದ್ದು ಮನುಷ್ಯರ ಕಿವಿಗೆ ಬೀಳದಷ್ಟು ಸಣ್ಣದು. ಅದನ್ನು ಹಿಗ್ಗಿಸಿ ತೋರಿಸುವ, ಆದರೆ ತನ್ನ ಗೊಣಗಾಟವನ್ನು ಅದರಲ್ಲಿ ಬೆರೆಸದ ಆಂಪ್ಲಿಫೈಯರ್ ಒಂದನ್ನು ತಯಾರಿಸುವಂತೆ ಇಲಾಖೆಯೇ ಆದೇಶಿಸಿತ್ತು. ಸಹೋದ್ಯೋಗಿಗಳು 'ಇರುವೆಕಿವಿ' ಎಂದು ಕರೆಯುವ ವಿನ್ಯಾಸ ಇಂಜಿನಿಯರ್ ಅದನ್ನು ತಯಾರಿಸಿಯೇಬಿಟ್ಟಿದ್ದಾರೆ. ಇದು ಇಲಾಖೆಯ ನಿರೀಕ್ಷೆಯಲ್ಲಿರಲಿಲ್ಲ.

ಉಪಕರಣದ ಮೀಟರಿನ ಮುಳ್ಳು ಟಿಕ್ ಟಿಕ್ ಎಂದು ಎಡೆಬಿಡದೆ ಕುಣಿಯುತ್ತಿದೆ. ವಿವರಣೆ ಕೇಳಲಾಗಿ ಇರುವೆಕಿವಿಯವರು, "ಸಾರ್, ಅದು ನನ್ನ ಸರ್ಕ್ಯೂಟಿಂದಲ್ಲ, ಕಂಬದ್ದು. ಮೊದಲು ಮಕ್ಕಳನ್ನ ಅಲ್ಲಿಂದ ಎಬ್ಬಿಸಿ, ಆಮೇಲೆ ನನ್ನನ್ನ ಬೈಯಿರಿ" ಎಂದಿರುತ್ತಾರೆ. ಈ ಹೇಳಿಕೆಯ ಎರಡನೆಯ ಭಾಗವನ್ನು ಮಾತ್ರ ಅಂಗೀಕರಿಸಲಾಗಿದೆ.

ಆದಕಾರಣ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಸದ್ದಿನ ಅಳತೆ ಮಾಡುವಾಗ ನಿರ್ದೇಶಕರ ಕೊಠಡಿಯ ಏಸಿ ಹೊರಡಿಸುವ ಗುಂಯ್ ಎಂಬ ಸದ್ದನ್ನು ಪರಿಗಣಿಸತಕ್ಕದ್ದಲ್ಲ. ಅದು ಆಡಳಿತದ ಸದ್ದು. ಅದು ಒಳಗೆ ನುಸುಳದಿರಲೆಂದು ಆಂಪ್ಲಿಫೈಯರನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ, ಬ್ಯಾಟರಿಯಿಂದ ನಡೆಸಿರುವುದನ್ನು ನಿರ್ದೇಶಕರಿಗೆ ತೋರಿದ ಅಗೌರವವೆಂದು ಭಾವಿಸಲಾಗಿದೆ.

2. ರೆಸಿಸ್ಟರ್‌ಗಳು ಬಿಸಿಯಿಂದಾಗಿ ತಮ್ಮಷ್ಟಕ್ಕೆ ತಾವೇ ಸಣ್ಣಗೆ ಸದ್ದು ಮಾಡುತ್ತವೆ, ತಂಪಾದಷ್ಟೂ ಸುಮ್ಮನಾಗುತ್ತವೆ ಎಂದು ವರದಿಯಲ್ಲಿದೆ. ಪೂರ್ವಾನುಮತಿ ಇಲ್ಲದೆ ಗೊಣಗಿದ್ದಕ್ಕಾಗಿ ಅವುಗಳಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ. ತಂಪಿನ ಸೌಲಭ್ಯವು ಹುದ್ದೆಯ ದರ್ಜೆಗೆ ಅನುಗುಣವಾಗಿದ್ದು, ರೆಸಿಸ್ಟರ್‌ಗಳು ಯಾವ ದರ್ಜೆಯಲ್ಲೂ ಬರುವುದಿಲ್ಲ.

3. ಸೆನ್ಸರಿನ ಪಕ್ಕದಲ್ಲಿರುವ ಮೊದಲ ಟ್ರಾನ್ಸಿಸ್ಟರೇ ಎಲ್ಲಕ್ಕಿಂತ ಮುಖ್ಯ, ಅಲ್ಲಿ ಸೇರಿದ ಸದ್ದಿನ ಕಸವನ್ನು ಮುಂದಿನವೆಲ್ಲ ಹಿಗ್ಗಿಸುತ್ತಲೇ ಹೋಗುತ್ತವೆ ಎಂದೂ ವರದಿಯಲ್ಲಿದೆ. ಕೆಳಹಂತದವರೇ ಮುಖ್ಯ ಎಂಬ ಈ ವಿಚಾರವು ಇತರ ನೌಕರರಿಗೆ ಹರಡದಂತೆ ನೋಡಿಕೊಳ್ಳತಕ್ಕದ್ದು. ಇನ್ನು ಮುಂದೆ ಟ್ರಾನ್ಸಿಸ್ಟರ್‌ಗಳನ್ನು ಸೇವಾ ಹಿರಿತನದ ಮೇಲೆ ಕೂರಿಸತಕ್ಕದ್ದು. ನಿವೃತ್ತಿಯ ಅಂಚಿನಲ್ಲಿರುವುದಕ್ಕೆ ಮೊದಲ ಆದ್ಯತೆ.

4. ತಪಾಸಣಾ ಸಮಿತಿಯ ಭೇಟಿಯ ವೇಳೆ ಸದಸ್ಯರೊಬ್ಬರ ಕಾಲು ತೊಡರಿ ಸೆನ್ಸರಿನ ತಂತಿ ಕಿತ್ತುಬಂದಿತು. ಆಂಪ್ಲಿಫೈಯರಿಗೆ ಅಂಟಿಕೊಂಡೇ ಉಳಿದ ತಂತಿಯ ತುದಿಯು ತಗಡಿನ ಡಬ್ಬಿಗೆ ತಾಗಿ ನಿಂತಿತು. ಕೂಡಲೇ ಮುಳ್ಳು ಸೊನ್ನೆಗೆ ಬಂದು ತಣ್ಣಗೆ ಕೂತಿತು. ಸಮಿತಿಯು ಚಪ್ಪಾಳೆ ತಟ್ಟಿತು. "ಕಿವಿಗೆ ಹತ್ತಿ ತುರುಕ್ಕೊಂಡು, ಮನೇಲಿ ಮಗು ಅಳ್ತಾನೇ ಇಲ್ಲ ಅಂದ ಹಾಗಾಯ್ತಲ್ಲ ಸಾರ್" ಎಂದು ಇರುವೆಕಿವಿಯವರು ನುಡಿದದ್ದನ್ನು ಸಮಿತಿಯು ಮೆಚ್ಚುಗೆಯ ಮಾತೆಂದು ದಾಖಲಿಸಿಕೊಂಡಿದೆ. ಇಲಾಖೆಯ ಎಲ್ಲ ಆಂಪ್ಲಿಫೈಯರ್‌ಗಳನ್ನೂ ಇದೇ ಸ್ಥಿತಿಯಲ್ಲಿ ಇರಿಸತಕ್ಕದ್ದು.

5. ಮುಳ್ಳು ಅಲುಗದಿರುವುದರಿಂದ ಟ್ಯಾಂಕು ಸಂಪೂರ್ಣ ಸುರಕ್ಷಿತವೆಂದು ಘೋಷಿಸಲಾಗಿದೆ. ಅದೇ ದಿನ ಅಧಿಕಾರಿಗಳ ಕಾರುಗಳನ್ನು ಟ್ಯಾಂಕಿನ ನೆರಳಿನಿಂದ ತೆರವುಗೊಳಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಿಮೆಂಟಿನ ಪುಡಿಯು ಕಾರಿನ ಬಣ್ಣಕ್ಕೆ ಒಳ್ಳೆಯದಲ್ಲ. ತೆರವಾದ ಜಾಗವನ್ನು ಮಕ್ಕಳ ಆಟಕ್ಕೆ ಉದಾರವಾಗಿ ಬಿಟ್ಟುಕೊಡಲಾಗಿದೆ.

6. ಮಕ್ಕಳ ತಲೆಗೂದಲಲ್ಲಿ ಸಿಮೆಂಟಿನ ಪುಡಿ ಕಂಡುಬಂದಲ್ಲಿ ಅದು ಇಲಾಖೆಯ ಆಸ್ತಿ. ಮಗು ಮನೆಗೆ ಹೊರಡುವ ಮುನ್ನ ಬಾಚಿ ತೆಗೆದು ಉಗ್ರಾಣಕ್ಕೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಮಗುವಿನ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

7. ಕಂಡಿಕೆ 5ನ್ನು ಓದಿ ಹೇಳಿದಾಗ ಆಯಾ ಅವರು, "ಅಷ್ಟು ಭದ್ರವಾಗಿದ್ರೆ ನೀವೇ ಬಂದು ಕೂತ್ಕೊಳ್ಳಿ ಸ್ವಾಮಿ, ಮಕ್ಕಳು ನಿಮ್ಮ ರೂಮಲ್ಲಿ ಮಲಗ್ತವೆ" ಎಂದು ಹೇಳಿ, ಇಂದು ಬೆಳಿಗ್ಗೆ ತಾಯಂದಿರೊಡನೆ ಎಲ್ಲ ಮಕ್ಕಳನ್ನೂ ಹಾಸಿಗೆ ಸಮೇತ ನಿರ್ದೇಶಕರ ಕೊಠಡಿಗೆ ಸಾಗಿಸಿ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆ. ಏಸಿ ಚಾಲನೆಯಲ್ಲಿದೆ. "ಶ್ಶ್! ಮಲಗಿದಾವೆ, ಬಾಗಿಲು ಬಡೀಬೇಡಿ" ಎಂಬ ಮೌಖಿಕ ಆದೇಶವು ಒಳಗಿನಿಂದ ಹೊರಬಿದ್ದಿದ್ದು, ಅದನ್ನು ಪಾಲಿಸಲಾಗಿದೆ.

8. ಬೇರೆ ಕೊಠಡಿ ಖಾಲಿ ಇಲ್ಲದ ಪ್ರಯುಕ್ತ ನಿರ್ದೇಶಕರ ಕಚೇರಿಯು ಮುಂದಿನ ಆದೇಶದವರೆಗೆ ಶಿಶುಪಾಲನಾ ಕೇಂದ್ರದಿಂದ ಕಾರ್ಯನಿರ್ವಹಿಸಲಿದೆ. ಒಮ್ಮೆ ಸುರಕ್ಷಿತವೆಂದು ಘೋಷಿಸಿದ್ದನ್ನು ಹಿಂಪಡೆಯಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ, ನಿರ್ದೇಶಕರು ಮೇಲೆ ನೋಡುತ್ತಾ ಕರ್ತವ್ಯ ನಿರ್ವಹಿಸುತ್ತಿದ್ದಾರೆ.

(ಸಹಿ/-)
ನಿರ್ದೇಶಕರು
ಶಿಬಿರ: ಟ್ಯಾಂಕಿನ ಕೆಳಗೆ, ಮರದ ಕುದುರೆಯ ಪಕ್ಕದ ಪುಟ್ಟ ಕುರ್ಚಿ

ಪ್ರತಿಗಳು:

1. ತಪಾಸಣಾ ಸಮಿತಿಯ ಸದಸ್ಯರಿಗೆ: ಮುಂದಿನ ಸಭೆ ಇಲ್ಲಿಯೇ ನಡೆಯಲಿದೆ. ಎಲ್ಲ ಸದಸ್ಯರೂ ಒಟ್ಟಿಗೇ ಹೊಟ್ಟೆನೋವೆಂದು ಸಲ್ಲಿಸಿರುವ ರಜೆ ಅರ್ಜಿಗಳನ್ನು ತಿರಸ್ಕರಿಸಲಾಗಿದೆ.

2. ಉಗ್ರಾಣಕ್ಕೆ: ನಿರ್ದೇಶಕರ ತಲೆಯಿಂದ ಬಾಚಿ ತೆಗೆದ ಪುಡಿಯನ್ನು ಇದರೊಂದಿಗೆ ಲಗತ್ತಿಸಿದೆ. ಮಧ್ಯಾಹ್ನದ್ದು ಪ್ರತ್ಯೇಕವಾಗಿ ಬರಲಿದೆ.

3. ಆಯಾ ಅವರಿಗೆ: ಬಾಗಿಲ ಸಂದಿಯಿಂದ, ಸದ್ದಾಗದಂತೆ.

4. ವಿನ್ಯಾಸ ಇಂಜಿನಿಯರ್ ಅವರಿಗೆ: ಕಂಡಿಕೆ 4ರಲ್ಲಿ ಹೇಳಿದ ತಂತಿಯನ್ನು ಈ ಪ್ರತಿ ಕೈಸೇರಿದ ಕ್ಷಣವೇ ಮರಳಿ ಜೋಡಿಸಿ, ಕಂಬದಲ್ಲಿ ಏನು ಕೇಳಿಸುತ್ತಿದೆ ಎಂಬುದನ್ನು ತಿಳಿಸುವುದು. ಬರವಣಿಗೆಯಲ್ಲಿ ಬೇಡ, ಅಲ್ಲಿಂದಲೇ ಕೂಗಿದರೆ ಸಾಕು.