ಸಂಕದ ಮೇಲೆ ಇನ್ನೊಂದು ಹೆಜ್ಜೆ

ಭೂತಪ್ರೇತಗಳಲ್ಲಿ ನನಗೆ ನಂಬಿಕೆಯಿಲ್ಲ. ಹೆದರಿಕೆ ಮಾತ್ರ ಇದೆ. ಬಂಟ್ವಾಳದ ಕಚೇರಿಯಲ್ಲಿ ಕೂತಿರುವಷ್ಟು ಹೊತ್ತು ನನ್ನಂಥ ಧೈರ್ಯವಂತ ಇನ್ನೊಬ್ಬನಿರಲಿಲ್ಲ.

ಐವತ್ತರ ದಶಕದ ಕೊನೆಯಲ್ಲಿ, ನಾನು ಓವರ್ಸಿಯರ್ ಆಗಿದ್ದಾಗ, ಸಿದ್ಧಕಟ್ಟೆಯ ಹತ್ತಿರ ಹಳ್ಳವೊಂದಕ್ಕೆ ಮರದ ಕಾಲುಸಂಕ ಹಾಕಿಸುವ ಕೆಲಸ ನನ್ನ ತಲೆಗೆ ಬಿತ್ತು. ಶಾಲೆ ತೆರೆದೊಡನೆ ಮಕ್ಕಳೆಲ್ಲ ಅದರ ಮೇಲೆಯೇ ದಾಟಬೇಕು. ಅವರಲ್ಲಿ ನನ್ನ ಮಗಳು ಶಾರದೆಯೂ ಒಬ್ಬಳು. ಹಾಗಾಗಿ ಅಪಾಯಗಳ ಪಟ್ಟಿಯನ್ನೇ ಮಾಡಿದೆ. ನೆರೆ ಬಂದರೆ? ಕಂಬ ಎತ್ತರಿಸಿದೆವು. ಗೆದ್ದಲು ಹಿಡಿದರೆ? ಡಾಮರು ಬಳಿದೆವು. ನಾನು ಎದುರಿಗಿಲ್ಲದೆ ಒಂದು ಮೊಳೆಯನ್ನೂ ಹೊಡೆಯಕೂಡದೆಂದು ಆಜ್ಞೆ ಮಾಡಿ, ಸಂಕದ ಈ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಎಂಟು ದಿನ ಕೊಡೆ ಹಿಡಿದು ಕೂತೆ. ಕಚೇರಿಯ ನಮೂನೆಯಲ್ಲಿ ಕೊನೆಯ ಅಂಕಣ, ‘ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಅಪಾಯ’. ‘ಏನೂ ಇಲ್ಲ’ ಎಂದು ಗತ್ತಿನಿಂದ ಬರೆದೆ.

ಬಡಗಿ ಬಾಬು ಆಚಾರಿ ತಲೆ ತುರಿಸಿಕೊಂಡರು. “ಏನೂ ಇಲ್ಲ ಅಂತ ಬರೀಬೇಡಿ ಸ್ವಾಮಿ. ಸ್ವಲ್ಪ ಆದ್ರೂ ಇರ್ತದೆ.”

“ನೀವು ಸುಮ್ಮನಿರಿ ಮಾರಾಯ್ರೇ!”

ಶಾಲೆ ತೆರೆಯುವ ಹಿಂದಿನ ದಿನ, ನಡುಮಧ್ಯಾಹ್ನ, ಒಬ್ಬನೇ ಸಂಕ ಹತ್ತಿದೆ. ಮೋಡ ಕವಿದು ಗಾಳಿ ನಿಂತುಹೋಗಿತ್ತು. ಒಂದು ಕಾಗೆಯೂ ಕೂಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಬೆನ್ನ ಹಿಂದೆ ‘ಟಕ್’ ಎಂದಿತು. ನಿಂತೆ, ಅದೂ ನಿಂತಿತು. ತಿರುಗಿದೆ, ಯಾರೂ ಇಲ್ಲ. ಹೆಜ್ಜೆ ಇಟ್ಟೆ, ಮತ್ತೆ ‘ಟಕ್’. ನಾನು ನಿಧಾನವಾದರೆ ಅದೂ ನಿಧಾನ, ನನಗೆ ಅವಸರವಾದರೆ ಅದಕ್ಕೂ ಅವಸರ. ನಾಳೆ ಇದೇ ಹೆಜ್ಜೆ ನನ್ನ ಶಾರದೆಯ ಹಿಂದೆ ಬರುತ್ತದಲ್ಲ ಎನಿಸಿತು.

ಆಚೆ ದಡದಲ್ಲಿದ್ದ ಆಚಾರಿಯವರ ಮನೆಗೆ ಓಡಿದೆ. “ಆಚಾರ್ರೇ, ಸಂಕದಲ್ಲಿ ಎಂತದೋ ಉಂಟು!”

ಅವರು ಒಂದು ಮಾತೂ ಕೇಳದೆ ಸುತ್ತಿಗೆ, ನಾಲ್ಕು ಮೊಳೆ ಹಿಡಿದು ಹೊರಟರು. ಕಬ್ಬಿಣ ಕಂಡರೆ ಅಂಥವು ಹತ್ತಿರ ಸುಳಿಯುವುದಿಲ್ಲವಂತೆ. ಇವರಿಗೆ ಎಲ್ಲ ಗೊತ್ತಿದೆ ಎಂದುಕೊಂಡು ಅವರ ಬೆನ್ನಿಗೇ ಅಂಟಿ ನಡೆದೆ. ಸಂಕ ದಾಟಿ, ನಾನು ಹತ್ತಿದ್ದ ತುದಿಯ ಮೊದಲ ಹಲಗೆಯ ಬಳಿ ಅವರು ಕುಕ್ಕರುಗಾಲಲ್ಲಿ ಕೂತು ಅದನ್ನು ಅದುಮಿ ಬಿಟ್ಟರು. ‘ಟಕ್’.

“ಇದಕ್ಕೆ ಮೊಳೆ ಹೊಡೆದಿಲ್ಲ ಸ್ವಾಮಿ. ಸಂಕ ಅಲುಗಿದಾಗೆಲ್ಲ ಬಡೀತದೆ.”

“ಯಾಕೆ ಹೊಡೀಲಿಲ್ಲ?”

“ನೀವು ಇದರ ಮೇಲೆಯೇ ಕುರ್ಚಿ ಹಾಕಿ ಕೂತಿದ್ರಲ್ಲ! ದೊಡ್ಡವರನ್ನು ಏಳಿ ಅಂತ ಹೇಳುವುದು ಹೇಗೆ? ನೀವು ಇಲ್ಲದಾಗ ಹೊಡೆಯುವ ಅಂದ್ರೆ, ಹೊಡೀಬಾರ್ದು ಅಂತ ನಿಮ್ಮದೇ ಆರ್ಡರ್.”

ನಾಲ್ಕೂ ಮೊಳೆ ಬಿದ್ದವು. ಮರುದಿನ ಶಾರದೆ ಕುಣಿಯುತ್ತ ದಾಟಿದಳು. ಹಿಂದೆ ಯಾವ ಹೆಜ್ಜೆಯೂ ಬರಲಿಲ್ಲ. ನಾನು ನಮೂನೆ ತೆಗೆದು, ಉಳಿಯುವ ಅಪಾಯದ ಅಂಕಣದಲ್ಲಿ ‘ಏನೂ ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಓವರ್ಸಿಯರ್’ ಎಂದು ಬರೆದೆ. ಮೇಲಿನವರು ಒಂದು ಪ್ರಶ್ನೆಯನ್ನೂ ಕೇಳದೆ ರುಜು ಹಾಕಿದರು.